ಪಾನಾ ಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು ಹೊರಡುವವರಿಗೆ

ಹುಬ್ಬಳ್ಳಿ-ಧಾರವಾಡಗಳ ವಿದ್ಯಾವಂತ ಕುಟುಂಬಗಳಲ್ಲಿ ಈಚಿನ ವರುಷಗಳಲ್ಲಿ ಒಂದು ಅಭಿಪ್ರಾಯವು ಯಾರೂ ಪ್ರಶ್ನಿಸದ ಸಿದ್ಧಾಂತದ ಪದವಿಗೆ ಏರಿ ಕುಳಿತಿದೆ. ದೂರ ಪ್ರವಾಸಕ್ಕೆ ಹೊರಡುವ ವಾಹನದಲ್ಲಿ ದುರಸ್ತಿಯ ಉಪಕರಣಗಳನ್ನು ಒಯ್ಯುವುದು ಅಂಬಾಸಿಡರು, ಫಿಯೆಟ್ಟುಗಳ ಕಾಲಕ್ಕೆ ಸಂದುಹೋದ ರೂಢಿಯೆಂದೂ, ಇಂದಿನ ವಾಹನಗಳ ಅಂಗಾಂಗವೆಲ್ಲವೂ ಗಣಕದ ಅಧೀನವಾಗಿರುವುದರಿಂದ ಸಾಮಾನ್ಯನ ಕೈಗೆ ಅವುಗಳಲ್ಲಿ ಮಾಡತಕ್ಕ ಕೆಲಸವೇ ಉಳಿದಿಲ್ಲವೆಂದೂ, ಗಾಡಿ ಕೆಟ್ಟು ನಿಂತರೆ ಫೋನು ಮಾಡಿದ ಮಾತ್ರದಿಂದ ಅದನ್ನು ಎತ್ತಿಕೊಂಡು ಹೋಗುವವರು ಬಂದೇ ಬರುವರೆಂದೂ, ಆದಕಾರಣ ಪಾನಾ, ಪಕ್ಕಡ, ಜಾಕುಗಳ ಭಾರವನ್ನು ಹೊರುವುದಕ್ಕಿಂತ ಆ ಜಾಗದಲ್ಲಿ ಇನ್ನೊಂದು ಸೂಟ್‌ಕೇಸನ್ನು ಇಡುವುದೇ ವಿವೇಕವೆಂದೂ ಆ ಸಿದ್ಧಾಂತವು ಸಾರುತ್ತದೆ. ಅಧ್ಯಾಪಕರೂ ವೈದ್ಯರೂ ವ್ಯಾಪಾರಸ್ಥರೂ ಇದನ್ನು ಒಂದೇ ಸ್ವರದಲ್ಲಿ ಹೇಳುತ್ತಾರೆ. ಗಾಡಿ ಮಾರುವವರು ಸಂತೋಷದಿಂದ ತಲೆದೂಗುತ್ತಾರೆ. ಇದು ವಸ್ತುಸ್ಥಿತಿಗೆ ವಿರುದ್ಧವಾದ ಮಾತು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು; ಆದರೆ ವಾಹನದಲ್ಲಿ ಕುಳಿತಿರುವ ಮುದುಕರ, ಮಕ್ಕಳ ಕ್ಷೇಮವನ್ನು ಕಾಣದ ಯಾವನೋ ಒಬ್ಬನ ಕೈಗೆ ಒಪ್ಪಿಸಿ ನಿಶ್ಚಿಂತರಾಗಿರಲು ಇದು ನಮಗೆ ಕಲಿಸುತ್ತಿರುವುದರಿಂದ ಸುಮ್ಮನಿರುವುದು ತಕ್ಕುದಲ್ಲವೆಂದು ನನಗೆ ತೋರಿದೆ.

ನನ್ನ ಈ ಆಕ್ಷೇಪವು ಸಣ್ಣ ಕಾರುಗಳಿಗಿಂತ ಹೆಚ್ಚಾಗಿ ಅನ್ವಯಿಸುವುದು ಮನೆಗಾಡಿಗಳಿಗೆ. ಟೆಂಪೋ ಟ್ರಾವೆಲರಿನ ಸೀಟುಗಳನ್ನು ಕಿತ್ತು, ಮಲಗುವ ಹಲಗೆ, ಗ್ಯಾಸಿನ ಒಲೆ, ನೀರಿನ ಟಾಕಿ, ಎರಡನೆಯ ಬ್ಯಾಟರಿಗಳನ್ನು ಕೂಡಿಸಿ, ದಾಂಡೇಲಿಗೋ ಗೋಕರ್ಣಕ್ಕೋ ಹಂಪಿಗೋ ಸಂಸಾರಸಮೇತ ಹೊರಡುವವರು ಈಗ ನಮ್ಮ ಅವಳಿ ನಗರಗಳಲ್ಲಿಯೂ ಕಾಣಿಸಿಕೊಳ್ಳತೊಡಗಿದ್ದಾರೆ. ಕ್ಯಾರವಾನು ಎಂಬ ಹೆಸರಿನಿಂದ ಇಂತಹ ಗಾಡಿಗಳನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ. ರಾಜ್ಯದ ಪ್ರವಾಸೋದ್ಯಮ ನೀತಿಯೂ ಈ ಬಗೆಯ ಪ್ರವಾಸಕ್ಕೆ ಪ್ರೋತ್ಸಾಹದ ಮಾತನಾಡಿದೆ. ಆಗಲಿ, ಒಳ್ಳೆಯದೇ. ಆದರೆ ಅಂತಹ ಗಾಡಿಯು ಮನೆಯೂ ಹೌದು, ವಾಹನವೂ ಹೌದು ಆದುದರಿಂದ, ಎರಡರ ರೋಗಗಳೂ ಅದಕ್ಕೆ ಒಟ್ಟಿಗೇ ಬರುತ್ತವೆ: ಕಾರು ಪೂರ್ಣ ಭಾರವನ್ನು ಹೊರುವುದು ಅಪರೂಪ, ಮನೆಗಾಡಿ ಹೊರಟ ಗಳಿಗೆಯಿಂದ ಮರಳುವ ಗಳಿಗೆಯವರೆಗೂ ಪೂರ್ಣ ಭಾರದಲ್ಲಿಯೇ ಓಡುತ್ತದೆ, ಕಾರಿನಲ್ಲಿ ಕಾರ್ಖಾನೆಯವರು ಎಳೆದ ತಂತಿ ಮಾತ್ರ ಇರುತ್ತದೆ, ಇದರಲ್ಲಿ ಆಮೇಲೆ ಬೇರೊಬ್ಬನು ಎಳೆದ ತಂತಿ, ನೀರಿನ ಕೊಳವೆ, ಗ್ಯಾಸಿನ ನಳಿಕೆಗಳು ದಾರಿಯ ಕುಲುಕಾಟಕ್ಕೆ ದಿನವೂ ಸಡಿಲಗೊಳ್ಳುತ್ತಿರುತ್ತವೆ.

ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ಹೊರಡುವುದು ಈ ನಾಡಿಗೆ ಹೊಸದಾಗಿ ಬಂದುದೆಂದು ಭಾವಿಸುವವರು ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿಯನ್ನು ನೋಡಬೇಕು. ಚಕ್ಕಡಿಗೆ ಚಾಪೆಯ ಕಮಾನು ಕಟ್ಟಿ, ಜೋಳದ ರೊಟ್ಟಿಯ ಗಂಟು, ಒಲೆಗೆ ಕಟ್ಟಿಗೆ, ಎತ್ತಿಗೆ ಕಣಿಕೆ, ಮಲಗಲು ಕೌದಿ ಎಲ್ಲವನ್ನೂ ಹೇರಿಕೊಂಡು ಹಲವು ದಿನಗಳ ಕಾಲ ಗಾಡಿಯಲ್ಲಿಯೇ ಸಂಸಾರ ನಡೆಯಿಸುತ್ತಿದ್ದ ನಮ್ಮ ರೈತನು, ಔಡಲ ಎಣ್ಣೆಗೆ ಹುಲ್ಲಿನ ಮಸಿಯನ್ನು ಕಲಸಿದ ಕೀಲೆಣ್ಣೆಯ ಗೊಟ್ಟವನ್ನು ಗಾಡಿಯ ಕೆಳಗೆ ತೂಗಹಾಕದೆ, ಹೆಚ್ಚಿನದೊಂದು ಕಡೆಗೀಲನ್ನು ಇಟ್ಟುಕೊಳ್ಳದೆ, ಬಾಚಿ, ಕೊಡಲಿ, ಹಗ್ಗ, ಮಿಣಿಗಳನ್ನು ತನ್ನ ಕೈಯಾರೆ ಎಣಿಸಿ ನೋಡದೆ ಊರ ಅಗಸೆಯನ್ನು ದಾಟುತ್ತಿರಲಿಲ್ಲ. ಬಡಿಗ, ಕಮ್ಮಾರರು ದಾರಿಯ ಊರುಗಳಲ್ಲಿ ಆಗಲೂ ಇದ್ದರು. ಅವರಿರುವ ಊರನ್ನು ಮುಟ್ಟುವ ತನಕ ಗಾಡಿಯನ್ನು ನಡೆಯಿಸುವುದು ಗಾಡಿಯವನ ಹೊಣೆಯೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲವೆಂಬುದೇ ಗಮನಿಸತಕ್ಕ ವಿಷಯ. ಇಂದು ಆ ಹಾದಿಯಲ್ಲಿ ಟ್ರ್ಯಾಕ್ಟರು, ಕ್ರೂಸರುಗಳು ಓಡುತ್ತವೆ. ಅವನ್ನು ನಡೆಸುವ ಹಳ್ಳಿಯ ಹುಡುಗರ ಸೀಟಿನ ಕೆಳಗೆ ಇಂದಿಗೂ ಪಾನಾಗಳ ಗಂಟು ಇದ್ದೇ ಇರುತ್ತದೆ. ಅದು ಇಲ್ಲದಿರುವುದು ಪಟ್ಟಣದ ಓದಿದವರ ಗಾಡಿಗಳಲ್ಲಿ.

ಈಗ ಆಧುನಿಕ ವಾಹನವು ಕೈಗೆ ಬಗ್ಗದೆಂಬ ವಾದವನ್ನು ಪರೀಕ್ಷಿಸೋಣ. ಎಂಜಿನಿಗೆ ಎಷ್ಟು ಇಂಧನ ಸಲ್ಲಬೇಕೆಂಬುದನ್ನು ಈಗ ಗಣಕವೇ ನಿರ್ಣಯಿಸುತ್ತದೆಂಬುದೂ, ಅದು ಕೆಟ್ಟರೆ ರಸ್ತೆಯ ಬದಿಯಲ್ಲಿ ನಾವು ಮಾಡುವಂಥದು ಏನೂ ಇಲ್ಲವೆಂಬುದೂ ನಿಜ. ಆದರೆ ದಾರಿಯಲ್ಲಿ ನಿಂತ ಗಾಡಿಗಳೆಲ್ಲವೂ ಗಣಕ ಕೆಟ್ಟು ನಿಂತವುಗಳೇ? ಹುಬ್ಬಳ್ಳಿಯ ಬಳಿಯ ಗಬ್ಬೂರಿನ ಆಚೆ ಈಚೆ ಹೆದ್ದಾರಿಯ ಅಂಚಿನಲ್ಲಿ ನಿಂತಿರುವ ವಾಹನಗಳ ಬಳಿ ಹೋಗಿ ವಿಚಾರಿಸಿದವರಿಗೆ ಉತ್ತರ ಗೊತ್ತಿದೆ: ಟೈರು ಪಂಚರಾಗಿದೆ, ಬ್ಯಾಟರಿ ಇಳಿದಿದೆ, ರೇಡಿಯೇಟರಿನ ಹೋಸು ಒಡೆದಿದೆ, ಬೆಲ್ಟು ಹರಿದಿದೆ, ಫ್ಯೂಸು ಸುಟ್ಟಿದೆ, ಸೈಲೆನ್ಸರಿನ ಬ್ರಾಕೆಟ್ಟು ಕಳಚಿ ನೆಲಕ್ಕೆ ಒರಸುತ್ತಿದೆ. ರಬ್ಬರು ಇಂದಿಗೂ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಬೋಲ್ಟು ಇಂದಿಗೂ ಅದುರುವಿಕೆಗೆ ಸಡಿಲುತ್ತದೆ, ಟೈರಿಗೆ ಇಂದಿಗೂ ಮೊಳೆ ಚುಚ್ಚುತ್ತದೆ. ಬಾನೆಟ್ಟಿನ ಕೆಳಗೆ ಗಣಕ ಬಂದುದರಿಂದ ಇವುಗಳ ಸ್ವಭಾವವು ಬದಲಾಗಲಿಲ್ಲ. ಗಣಕದ ಹೆಸರನ್ನು ಮುಂದೆ ಮಾಡಿ ಗಾಲಿಯ ನಟ್ಟನ್ನು ಬಿಚ್ಚುವುದನ್ನೂ ಮರೆಯುವವನು, ಕಠಿಣವಾದುದನ್ನು ತೋರಿಸಿ ಸುಲಭವಾದುದರಿಂದ ತಪ್ಪಿಸಿಕೊಳ್ಳುತ್ತಿದ್ದಾನೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಎರಡನೆಯದು ಸಹಾಯವಾಣಿಯ ವಾದ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಎಂಬ ಸಂಖ್ಯೆ ಇದೆ, ತುರ್ತಿಗೆ 112 ಇದೆ, ವಿಮೆಯವರೂ ಗಾಡಿ ತಯಾರಿಸಿದವರೂ ಒದಗಿಸುವ ಸೇವೆಗಳಿವೆ. ಅವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಅವಶ್ಯವೇ ಸರಿ. ಆದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವವನು ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯತೊಡಗಿದನೆಂದರೆ ಆ ಕಾಡಿನ ಎಷ್ಟೋ ತಿರುವುಗಳಲ್ಲಿ ಫೋನಿಗೆ ಸಂಕೇತವೇ ಸಿಕ್ಕುವುದಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಕೊಲ್ಹಾಪುರದ ಬಳಿ ಹೆದ್ದಾರಿ ಮುಳುಗಿ ನಿಪ್ಪಾಣಿಯ ಈಚೆಗೆ ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಂತಾಗ, 2024ರ ಜುಲೈಯಲ್ಲಿ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ದಾರಿಯೇ ಇಲ್ಲವಾದಾಗ, ಯಾವ ಸಹಾಯವಾಣಿಯ ಗಾಡಿ ತಾನೆ ಎಲ್ಲಿಂದ ಬರಬೇಕಾಗಿತ್ತು? ಅಂತಹ ಮಹಾವಿಪತ್ತುಗಳು ನಿತ್ಯವೂ ಬಾರವೆಂದು ಹೇಳುವವರಿಗೆ ನಿತ್ಯದ ಮಾತನ್ನೇ ಕೇಳುತ್ತೇನೆ: ಗಬ್ಬೂರಿನಿಂದ ನರೇಂದ್ರದವರೆಗಿನ, ಸುಮಾರು 30 ಕಿ.ಮೀ. ಉದ್ದದ ನಮ್ಮ ಬೈಪಾಸು ರಸ್ತೆಯು ದಶಕಗಳ ಕಾಲ ಎರಡೇ ಸಾಲಿನದಾಗಿ ಉಳಿದು ಎಷ್ಟು ಮನೆಗಳ ದೀಪವನ್ನು ನಂದಿಸಿತೆಂಬುದು ಧಾರವಾಡದವರಿಗೆ ಮರೆತಿದೆಯೆ? 2021ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ದಾವಣಗೆರೆಯ ಮಹಿಳೆಯರನ್ನು ಕೂಡಿಸಿಕೊಂಡಿದ್ದ ಟೆಂಪೋ ಟ್ರಾವೆಲರಿಗೆ ಇದೇ ರಸ್ತೆಯಲ್ಲಿ ಒದಗಿದ ಭೀಕರ ಅಪಘಾತದ ಕಾರಣವು ಬೇರೆಯಾದುದು. ಆದರೂ ಇಂತಹ ರಸ್ತೆಯಲ್ಲಿ ಒಂದು ವಾಹನವು ಸ್ವಲ್ಪವೇ ತಪ್ಪಿದರೂ ಕ್ಷಮೆಯಿಲ್ಲವೆಂಬುದನ್ನು ಅದು ನಮ್ಮೆಲ್ಲರ ಎದೆಯಲ್ಲಿ ಬರೆದು ಹೋಗಿದೆ. ಅಲ್ಲಿ ಕೆಟ್ಟ ಗಾಡಿಯೊಳಗೆ ಸಂಸಾರವನ್ನು ಕೂಡಿಸಿ, ಕತ್ತಲಲ್ಲಿ ಎರಡು ತಾಸು ಸಹಾಯಕ್ಕಾಗಿ ಕಾಯುವುದಕ್ಕೂ, ಅರ್ಧ ತಾಸಿನಲ್ಲಿ ಗಾಲಿಯನ್ನು ಬದಲಿಸಿ ಅಲ್ಲಿಂದ ಹೊರಡುವುದಕ್ಕೂ ಇರುವ ಅಂತರವು ಪ್ರಾಣದ ಅಂತರ.

ಗಾಡಿ ತಯಾರಿಸುವವರೂ ಸರ್ಕಾರವೂ ಸ್ಟೆಪ್ನಿಯನ್ನೇ ಬೇಡವೆಂದಿರುವಾಗ ನಾವು ಪಾನಾ ಹೊತ್ತು ತಿರುಗುವುದೇಕೆಂದು ಕೆಲವರು ಕೇಳುತ್ತಾರೆ. 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯನ್ನು ಇವರು ಅರ್ಧವೇ ಓದಿದ್ದಾರೆ. 3.5 ಟನ್ನಿನ ಒಳಗಿನ ಪ್ರಯಾಣಿಕ ವಾಹನಕ್ಕೆ ಟ್ಯೂಬ್‌ಲೆಸ್ ಟೈರು ಇದ್ದು, ಟೈರಿನ ಹವೆಯನ್ನು ಚಾಲಕನಿಗೆ ತಿಳಿಸುವ ವ್ಯವಸ್ಥೆ ಇದ್ದು, ಟೈರನ್ನು ದುರಸ್ತಿ ಮಾಡುವ ಸಲಕರಣೆಯೂ ಜೊತೆಗಿದ್ದ ಪಕ್ಷದಲ್ಲಿ ಮಾತ್ರ ಸ್ಟೆಪ್ನಿ ಕಡ್ಡಾಯವಲ್ಲವೆಂದು ಆ ತಿದ್ದುಪಡಿ ಹೇಳುತ್ತದೆ. ಅಂದರೆ ಒಂದು ಉಪಕರಣವನ್ನು ಬಿಡಬೇಕಾದರೆ ಇನ್ನೊಂದನ್ನು ಒಯ್ಯತಕ್ಕದ್ದೆಂದೂ ಅದನ್ನು ಬಳಸಬಲ್ಲವನಾಗಿರಬೇಕೆಂದೂ ಅದರ ಅರ್ಥ. ಅದಲ್ಲದೆ ಆ ಸಲಕರಣೆಯ ರಬ್ಬರ ಬತ್ತಿಯು ನೆಲವನ್ನು ಮುಟ್ಟುವ ಭಾಗದಲ್ಲಿ ಆದ ತೂತಿಗೆ ಮಾತ್ರ ಉಪಯುಕ್ತ. ಟೈರಿನ ಪಕ್ಕೆ ಹರಿದರೆ ಅದರಿಂದ ಏನೂ ಸಾಗದು. ಕಲ್ಲಿನ ದಾರಿಗಳಲ್ಲಿ ಪಕ್ಕೆಯೇ ಹರಿಯುತ್ತದೆ. ಮನೆಗಾಡಿಯವನು ಸ್ಟೆಪ್ನಿಯನ್ನು ತೆಗೆದು ಆ ಜಾಗದಲ್ಲಿ ನೀರಿನ ಟಾಕಿಯನ್ನು ಕೂಡಿಸುವುದು ಅಕ್ಷಮ್ಯವಾದ ತಪ್ಪೆಂದೇ ನನ್ನ ನಿಶ್ಚಿತ ಅಭಿಪ್ರಾಯ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಮಳೆಗಾಲದ ಒಂದು ಸಂಜೆ, ಯಲ್ಲಾಪುರದ ಆಚೆಯ ಕಾಡಿನ ದಾರಿಯಲ್ಲಿ, ಬಾಡಿಗೆಗೆ ತಂದ ಒಂದು ಮನೆಗಾಡಿಯು ಹಿಂದಿನ ಗಾಲಿ ಕುಳಿತು ನಿಂತಿತ್ತು. ಒಳಗೆ ಒಬ್ಬ ಅಜ್ಜಿ, ಸೊಸೆ, ಎರಡು ಮಕ್ಕಳು. ಹೊರಗೆ ಮಳೆಯಲ್ಲಿ ತೊಯ್ಯುತ್ತ ಆ ಮನೆಯ ಯಜಮಾನರು. ಜಾಕು ಇತ್ತು, ಅದನ್ನು ತಿರುಗಿಸುವ ಹಿಡಿಕೆ ಇರಲಿಲ್ಲ. ಪಾನಾ ಇತ್ತು, ಅದು ಆ ನಟ್ಟಿನ ಅಳತೆಯದಾಗಿರಲಿಲ್ಲ. ಬಾಡಿಗೆಗೆ ಕೊಟ್ಟವರು ಮರುದಿನ ಮುಂಜಾನೆ ಯಾರನ್ನಾದರೂ ಕಳಿಸುವುದಾಗಿ ಹೇಳಿ ಸುಮ್ಮನಾಗಿದ್ದರು. ನಾವು ನೋಡುತ್ತಿರುವಂತೆಯೇ ಘಟ್ಟವನ್ನು ಏರಿ ಬಂದ ಒಂದು ಲಾರಿ ತಾನಾಗಿ ನಿಂತಿತು. ಅದರ ಡ್ರೈವರನೂ ಕ್ಲೀನರನೂ ಇಳಿದು, ಲಾರಿಯ ಮುಂದೊಂದು ಹಿಂದೊಂದು ಕಲ್ಲಿಟ್ಟು, ಹಸಿ ಮಣ್ಣಿನ ಮೇಲೆ ಮೊದಲು ಮರದ ಹಲಗೆಯನ್ನು ಹಾಕಿ ಅದರ ಮೇಲೆ ತಮ್ಮ ಜಾಕನ್ನು ಕೂಡಿಸಿ, ಟಾಮಿಯನ್ನು ಮೆಟ್ಟಿ ನಟ್ಟುಗಳನ್ನು ಸಡಿಲಿಸಿ, ಕತ್ತಲಾಗುವುದರೊಳಗೆ ಗಾಲಿಯನ್ನು ಬದಲಿಸಿಕೊಟ್ಟರು. ಯಜಮಾನರು ಕೊಡಹೋದ ಹಣವನ್ನು ಮುಟ್ಟದೆ ಡ್ರೈವರನು, “ಸಾಹೇಬ್ರ, ರೊಕ್ಕ ಬ್ಯಾಡ್ರಿ. ಸಣ್ಣ ಹುಡುಗೂರ್ನ ಕೂಡಿಸ್ಕೊಂಡ ಹೊಂಟೀರಿ, ಮುಂದಿನ ಸಲ ಒಂದ ಟಾಮಿ, ಒಂದ ಹಲಗಿ ಒಗದಕೊಂಡ ಬರ್ರಿ” ಎಂದು ಹೇಳಿ ಹೊರಟುಹೋದನು. ಈ ಲೇಖನದಲ್ಲಿ ನಾನು ಹೇಳಬೇಕಾದುದರ ಬಹುಭಾಗವನ್ನು ಅವನು ಅಂದೇ ಹೇಳಿ ಮುಗಿಸಿದ್ದಾನೆ.

ಆ ಹಲಗೆಯ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ನವಲಗುಂದ, ನರಗುಂದ, ಅಣ್ಣಿಗೇರಿಗಳ ಎರೆಭೂಮಿಯು ಮಳೆ ಬಿದ್ದೊಡನೆ ಎಂತಹ ಸ್ವರೂಪವನ್ನು ತಾಳುವುದೆಂಬುದು ಈ ಸೀಮೆಯವರಿಗೆ ಹೇಳಲವಶ್ಯವಿಲ್ಲ. ಡಾಂಬರಿನಿಂದ ಕೆಳಗಿಳಿದು ನಿಂತ ಭಾರದ ಗಾಡಿಗೆ ಜಾಕು ಕೊಟ್ಟರೆ ಗಾಡಿ ಮೇಲೇಳುವ ಬದಲು ಜಾಕೇ ನೆಲದೊಳಗೆ ಇಳಿಯುತ್ತದೆ. ಒಂದಡಿ ಚೌಕದ, ಎರಡು ಅಂಗುಲ ದಪ್ಪದ ಮರದ ಹಲಗೆಯೊಂದಿದ್ದರೆ ಭಾರವು ಹರಡಿ ಜಾಕು ನಿಲ್ಲುತ್ತದೆ; ಇದಕ್ಕೆ ಬಡಿಗನ ಅಂಗಡಿಯಲ್ಲಿ ಬಿದ್ದ ತುಂಡೇ ಸಾಕು. ಜಾಕಾದರೂ ಕಾರಿನೊಡನೆ ಬಂದ ಕತ್ತರಿ ಜಾಕಿನಂಥದಾಗದೆ, ಗಾಡಿಯ ಪೂರ್ಣ ತೂಕವನ್ನು ಲೆಕ್ಕಹಾಕಿ ಕೊಂಡ ಬಾಟಲಿ ಜಾಕಾಗಿರಬೇಕು. ಟ್ರಾವೆಲರಿನಂತಹ ಗಾಡಿಗೆ 5 ಟನ್ನಿನದು ತಕ್ಕುದು. ಗಾಲಿಯ ನಟ್ಟುಗಳ ಸಂಗತಿ ಇನ್ನೂ ಮುಖ್ಯವಾದುದು. ಪಂಚರ್ ಅಂಗಡಿಗಳಲ್ಲಿ ಹವೆಯ ಯಂತ್ರದಿಂದ ಬಿಗಿದ ನಟ್ಟು, ಗಾಡಿಯೊಡನೆ ಬಂದ ಗೇಣುದ್ದದ ಪಾನಾಕ್ಕೆ ಅಲುಗುವುದಿಲ್ಲ. ಆದುದರಿಂದ ಉದ್ದನೆಯ ಟಾಮಿಯಾಗಲಿ, ಪಾನಾದ ಹಿಡಿಕೆಗೆ ತೊಡಿಸುವ ಕಬ್ಬಿಣದ ಕೊಳವೆಯಾಗಲಿ ಜೊತೆಗಿರಬೇಕು, ಮತ್ತು ಹೊರಡುವ ಮುನ್ನ ಮನೆಯ ಅಂಗಳದಲ್ಲಿಯೇ ಒಮ್ಮೆ ಪ್ರತಿಯೊಂದು ನಟ್ಟನ್ನೂ ಸಡಿಲಿಸಿ ತಿರುಗಿ ಬಿಗಿದು ನೋಡಬೇಕು. ಗಾಲಿ ಇನ್ನೂ ನೆಲದ ಮೇಲಿರುವಾಗಲೇ ನಟ್ಟನ್ನು ಸಡಿಲಿಸತಕ್ಕದ್ದು, ಎದುರುಬದುರಾಗಿ ಬಿಗಿಯತಕ್ಕದ್ದು, ಬದಲಿಸಿದ ಮೇಲೆ 50 ಕಿ.ಮೀ. ಹೋಗಿ ಮತ್ತೆ ಬಿಗಿತವನ್ನು ಪರೀಕ್ಷಿಸತಕ್ಕದ್ದು. ಜಾಕಿನ ಆಧಾರವೊಂದನ್ನೇ ನಂಬಿ ಗಾಡಿಯ ಅಡಿಯಲ್ಲಿ ತಲೆಯಿಡುವುದು ಆತ್ಮಹತ್ಯೆಗೆ ಸಮಾನ. ಹವೆ ತುಂಬುವ ಪುಟ್ಟ ಪಂಪುಗಳನ್ನು ಈಗ ಎಲ್ಲರೂ ಕೊಳ್ಳುತ್ತಾರೆ. ಕಾರಿನ ಟೈರಿಗೆ ಸಾಕಾಗುವ ಪಂಪು ಹೆಚ್ಚಿನ ಒತ್ತಡವನ್ನು ಬೇಡುವ ಭಾರದ ಟೈರಿಗೆ ಸಾಲದೆಂಬುದನ್ನು ಮಾತ್ರ ಮಾರುವವರು ಹೇಳುವುದಿಲ್ಲ.

ಉಳಿದವುಗಳಲ್ಲಿ 8ರಿಂದ 19 ಮಿ.ಮೀ. ವರೆಗಿನ ಪಾನಾಗಳು, ಎರಡು ತಿರುಪುಳಿ, ಪಕ್ಕಡ, ತಂತಿ, ಇನ್ಸುಲೇಷನ್ ಟೇಪು, ಹೋಸಿಗೆ ಹಾಕುವ ಕ್ಲಿಪ್ಪುಗಳು, ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ, ಪ್ರತಿಫಲಿಸುವ ತ್ರಿಕೋನ ಮತ್ತು ಅಂಗಿ ಇಷ್ಟು ಎಲ್ಲರಿಗೂ ತಿಳಿದವೇ. ಆದರೆ ನಿಮ್ಮದೇ ಗಾಡಿಯ ಬೆಲ್ಟು, ನಿಮ್ಮದೇ ಗಾಡಿಯ ರೇಡಿಯೇಟರ್ ಹೋಸು, ಇವೆರಡನ್ನು ಒಯ್ಯುವವರು ವಿರಳ. ಇವನ್ನು ಕೂಡಿಸಲು ನಿಮಗೆ ಬಾರದಿರಬಹುದು. ಯಲ್ಲಾಪುರದ, ಹಳಿಯಾಳದ ಗ್ಯಾರೇಜಿನವನಿಗೆ ಬರುತ್ತದೆ. ಅವನಲ್ಲಿ ಕೌಶಲವಿದೆ, ನಿಮ್ಮ ಗಾಡಿಯ ಅಳತೆಯ ಸಾಮಾನು ಮಾತ್ರ ಇಲ್ಲ. ಅದಕ್ಕಾಗಿ ಅವನು ಹುಬ್ಬಳ್ಳಿಯ ಪಿ.ಬಿ. ರಸ್ತೆಗೇ ಆಳು ಕಳಿಸಬೇಕು. ಅನೇಕ ಎಂಜಿನುಗಳಲ್ಲಿ ಬ್ಯಾಟರಿಗೆ ವಿದ್ಯುತ್ತನ್ನೂ ಎಂಜಿನಿಗೆ ತಂಪು ನೀರನ್ನೂ ಒದಗಿಸುವ ಎರಡು ಕೆಲಸಗಳು ಒಂದೇ ಬೆಲ್ಟಿನ ಮೇಲೆ ನಿಂತಿರುವುದರಿಂದ, ಅದು ಹರಿದ ಮೇಲೆ ಗಾಡಿಯನ್ನು ಓಡಿಸಿದವನು ಎಂಜಿನನ್ನೇ ಕಳೆದುಕೊಳ್ಳುತ್ತಾನೆ.

ಮನೆಗಾಡಿಯ ಮನೆಯ ಭಾಗಕ್ಕೆ ಒಂದು ಮಲ್ಟಿಮೀಟರು ಬೇಕೇ ಬೇಕು. ವಿಶ್ರಾಂತಿಯಲ್ಲಿರುವ ಸಾಧಾರಣ ಬ್ಯಾಟರಿಯು ತುಂಬಿದ್ದರೆ ಸುಮಾರು 12.6 ವೋಲ್ಟನ್ನು ತೋರಿಸುತ್ತದೆ, ಎಂಜಿನು ಓಡುವಾಗ 14ರ ಆಸುಪಾಸಿಗೆ ಏರುತ್ತದೆ. ಓಡುತ್ತಿರುವಾಗಲೂ ಏರದಿದ್ದರೆ ದೋಷವು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಯಂತ್ರದ್ದು, ಇಲ್ಲವೆ ಬೆಲ್ಟಿನದು. ಇಷ್ಟನ್ನು ತಿಳಿಯಲು ಯಾವ ಪದವಿಯೂ ಬೇಡ, ಮತ್ತು ಇಷ್ಟು ತಿಳಿಯದವನೇ ಹೊಸ ಬ್ಯಾಟರಿಯನ್ನು ಕೊಂಡು ಎರಡನೆಯ ದಿನ ಮತ್ತೆ ದಾರಿಯಲ್ಲಿ ನಿಲ್ಲುವವನು. ಫ್ಯೂಸುಗಳು ಬಣ್ಣದಿಂದ ಗುರುತಾಗುತ್ತವೆ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಸುಟ್ಟ ಫ್ಯೂಸಿನ ಜಾಗದಲ್ಲಿ ದೊಡ್ಡದನ್ನೋ ತಂತಿಯ ತುಂಡನ್ನೋ ಸಿಗಿಸುವವನು ತನ್ನ ಮಕ್ಕಳು ಮಲಗುವ ಹಲಗೆಯ ಕೆಳಗೆ ತಾನೇ ಬೆಂಕಿಯನ್ನು ಇಡುತ್ತಾನೆ. ಗ್ಯಾಸಿನ ನಳಿಕೆಗೆ ಪ್ರತಿ ಮುಂಜಾನೆ ಸಾಬೂನಿನ ನೀರನ್ನು ಸವರಿ ಗುಳ್ಳೆ ಬರುವುದೋ ನೋಡಬೇಕು. ಬಾಗಿಲ ಬಳಿಯಲ್ಲಿ, ಕೈಗೆ ಎಟಕುವಂತೆ, ಬೆಂಕಿ ನಂದಿಸುವ ಪುಡಿಯ ಸಿಲಿಂಡರು ಇರಬೇಕು.

ಎದುರು ಪಕ್ಷದವರ ಒಂದು ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ: ಅರೆಬರೆ ತಿಳಿದವನು ಕೈಹಾಕಬಾರದ ಸ್ಥಾನಗಳು ವಾಹನದಲ್ಲಿವೆ. ಬ್ರೇಕು, ಸ್ಟಿಯರಿಂಗು, ವಿದ್ಯುತ್ ವಾಹನದ ಕಿತ್ತಳೆ ಬಣ್ಣದ ತಂತಿಗಳು, ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ, ಇವುಗಳನ್ನು ದಾರಿಯಲ್ಲಿ ಮುಟ್ಟದಿರುವುದೇ ಧರ್ಮ. ಆದರೆ ಮುಟ್ಟತಕ್ಕದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂಬ ವಿವೇಕವು ಕೈಯನ್ನು ಎಂದೂ ಎಣ್ಣೆಯಲ್ಲಿ ಅದ್ದದವನಿಗೆ ಹೇಗೆ ಬಂದೀತು? ಹೊಳೆಯುವ ನೂರೈವತ್ತು ಸಾಮಾನುಗಳ ಪೆಟ್ಟಿಗೆಯನ್ನು ತರಿಸಿ, ಅದರ ಪ್ಲಾಸ್ಟಿಕ್ಕನ್ನು ಹರಿಯದೆ ಗಾಡಿಯಲ್ಲಿ ಹೊತ್ತು ತಿರುಗುವವರ ಸ್ಥಿತಿಯೂ ಏನೂ ಒಯ್ಯದವರ ಸ್ಥಿತಿಗಿಂತ ಉತ್ತಮವಾದುದಲ್ಲ.

ಪಾನಾ ಒಯ್ಯಬೇಕಿಲ್ಲವೆಂಬ ಅಭಿಪ್ರಾಯದ ಬೇರು ಇನ್ನೂ ಆಳದಲ್ಲಿದೆ. ಕೈಗೆ ಮಸಿ ಹತ್ತುವ ಕೆಲಸವು ಓದಿದವನ ಗೌರವಕ್ಕೆ ಕುಂದೆಂಬ ಭಾವನೆಯು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಸಹಾಯವಾಣಿಯು ಆ ಭಾವನೆಗೆ ಒಂದು ಗೌರವಾನ್ವಿತವಾದ ನೆಪವನ್ನು ಒದಗಿಸಿದೆ. ಪಾನಾ ಬೇಡವೆಂದು ಹುಬ್ಬಳ್ಳಿಯವರು ಹೇಳುವುದು ಅತ್ಯಂತ ಖೇದಕರ. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಕಾರ್ಯಾಗಾರದ ಕಮ್ಮಾರರೂ ಫಿಟ್ಟರರೂ ಕಟ್ಟಿದ ಊರು ಇದು. 1947ರಲ್ಲಿಯೇ ಇಲ್ಲಿ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿ.ಆರ್.ಎಲ್. ಸಾಗಣೆ ಸಂಸ್ಥೆಯು ಇಲ್ಲಿಗೆ ಬಂದು ನೆಲೆಸಿ ದೇಶವ್ಯಾಪಿಯಾಯಿತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿಯ ಗೋಕುಲ ರಸ್ತೆಯಲ್ಲಿದೆ. ಧಾರವಾಡದ ಕಾರ್ಖಾನೆಯಲ್ಲಿ ಕಟ್ಟಿದ ಬಸ್ಸುಗಳು ನಾಡಿನಾದ್ಯಂತ ಓಡುತ್ತವೆ. ಪಾನಾ ಹಿಡಿದ ಕೈಗಳ ದುಡಿಮೆಯಿಂದ ಉಂಡ ಊರಿನಲ್ಲಿ ಪಾನಾ ಹಿಡಿಯಲು ನಾಚುವ ವಿದ್ಯಾವಂತರು ಬೆಳೆದುದು ನಮ್ಮ ಶಿಕ್ಷಣದ ಸೋಲು. ಕಾಯಕವೇ ಕೈಲಾಸವೆಂದು ಸಭೆಗಳಲ್ಲಿ ಹೇಳುವವರ ಮಕ್ಕಳಿಗೆ, ಹೆಣ್ಣುಮಕ್ಕಳಿಗಂತೂ ವಿಶೇಷವಾಗಿ, ಒಂದು ಗಾಲಿಯನ್ನು ಬದಲಿಸುವುದನ್ನು ಯಾರೂ ಕಲಿಸುವುದಿಲ್ಲ. ಗಾಡಿ ನಡೆಸುವ ಪರವಾನಿಗೆಯನ್ನು ಬೇಡುವವರಿಗೆ ಅದನ್ನು ಕಲಿಸುವ ತರಬೇತಿ ಶಾಲೆಗಳನ್ನೂ ನಾನು ಕಂಡಿಲ್ಲ.

ಈ ದಸರೆಗೋ ದೀಪಾವಳಿಯ ರಜೆಗೋ ಮನೆಗಾಡಿಯನ್ನು ಬಾಡಿಗೆಗೆ ಪಡೆಯಲಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂಗಡವನ್ನು ಕೊಡುವ ಮುನ್ನ ಸ್ಟೆಪ್ನಿಯನ್ನು ಇಳಿಸಿ ಅದರ ಹವೆಯನ್ನು ಅಳೆಯಿಸಿರಿ, ಜಾಕನ್ನು ಹಿಡಿಕೆಯ ಸಮೇತ ತರಿಸಿ ನಿಮ್ಮ ಕಣ್ಣೆದುರಿಗೇ ಒಂದು ಗಾಲಿಯನ್ನು ಬಿಚ್ಚಿಸಿರಿ, ಆಮೇಲೆ ಅದೇ ಗಾಲಿಯನ್ನು ನೀವೇ ಕೂಡಿಸಿ ನೋಡಿರಿ. ಅದಕ್ಕೆ ಒಪ್ಪದವರ ಗಾಡಿಯನ್ನು ಪಡೆಯಬೇಡಿರಿ.